ಗೋಡೆ ಮುಟ್ಟೋ ಕಾಲ

ಮಳೆ ನಿಂತು ಚಳಿ ಬಿತ್ತು ಅಂದ್ರೆ ಸಾಗರದ ಸುತ್ತಲಿನ ಹಳ್ಳಿಗಳಲ್ಲಿ ಮನೆ ರಿಪೇರಿಯ ಕಾಲ. ಜೂನ್‌ನಿಂದ ನೆನೆದ ಮಣ್ಣಿನ ಗೋಡೆ ಈಗ ಒಣಗಿರುತ್ತೆ. ಬಿರುಕು ಮುಚ್ಚಿ, ಕೆಮ್ಮಣ್ಣು ಬಳಿಯಬಹುದು.

ದೀವರ ಮನೆಗಳ ಹೆಣ್ಣುಮಕ್ಕಳು ಮದುವೆ, ಹಬ್ಬಗಳಿಗೆ ಹಸೆ ಚಿತ್ತಾರ ಬರೆಯೋದು ಇಂಥ ಕೆಂಪು ಗೋಡೆ ಮೇಲೆಯೇ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಬ್ರಶ್‌ಗೆ ಪುಂಡಿ ನಾರು. ಅಳತೆಪಟ್ಟಿ ಇಲ್ಲ, ಆದರೂ ಗೆರೆಗಳು ನೆಟ್ಟಗೆ ಬರುತ್ತವೆ. ಬರೆಯುವಾಗ ಮಾತೂ ಕಡಿಮೆ.

ಕಳೆದ ಡಿಸೆಂಬರ್‌ನಲ್ಲಿ ಲ್ಯಾಪ್‌ಟಾಪ್ ಸಮೇತ ಅಲ್ಲಿನ ಗೆಳೆಯನ ಮನೆಗೆ ಹೋಗಿದ್ದೆ. ಜಗಲಿ ಗೋಡೆ ಕೆಡವೋ ಮಾತು ನಡೀತಿತ್ತು.

“ಸಿಮೆಂಟ್ ಮಾಡಿಸಿ ಪೇಂಟ್ ಹೊಡೆಸಿದ್ರೆ ವರ್ಷಾ ವರ್ಷಾ ಮುಟ್ಟೋದೇ ಬೇಡಮ್ಮ. ನಿನ್ನ ಮಂಡಿನೋವು ನೋಡು” ಅಂದ ಗೆಳೆಯ.

“ಮುಟ್ಟದ ಗೋಡೆ ಮೇಲೆ ಪುಟ್ಟಿ ಕಲಿಯೋದು ಯಾವಾಗ ಮಗಾ?” ಅಂದ್ರು ಅವನ ಅಮ್ಮ.

ಇಬ್ಬರ ಮಾತೂ ಸರಿಯೇ. ಕೊನೆಗೆ ಅಡುಗೆಮನೆ, ಬಚ್ಚಲಿಗೆ ಸಿಮೆಂಟ್ ಬಂತು. ಜಗಲಿ ಗೋಡೆ ಮಣ್ಣಿನದೇ ಉಳೀತು. ಆದರೆ ಏಣಿ ಹತ್ತಿ ಮಣ್ಣು ಬಳಿಯೋ ಕೆಲಸ ಇನ್ಮೇಲೆ ಗೆಳೆಯನದು, ಅದಕ್ಕೆ ಪ್ರತಿ ಚಳಿಗಾಲ ಒಂದು ವಾರ ರಜೆ.

ಮೇಂಟೆನೆನ್ಸ್ ಇಲ್ಲದ ಮನೆಯೇ ಒಳ್ಳೇದು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಆದ್ರೆ ಕೆಲವು ವಿದ್ಯೆ ಉಳಿದಿರೋದೇ ಆ ಮೇಂಟೆನೆನ್ಸ್‌ನಿಂದ.