ಎರಡು ಹೊಳೆಗಳ ನಡುವಿನ ಸೀಮೆ: ರಾಯಚೂರು, ದೇವದುರ್ಗ, ಮಾನವಿ

ಕೃಷ್ಣೆಯೂ ತುಂಗಭದ್ರೆಯೂ ಒಂದಾಗುವುದಕ್ಕೆ ಮೊದಲು ತಮ್ಮ ನಡುವೆ ಬಿಟ್ಟಿರುವ ಬಯಲು ಸೀಮೆಗೆ ರಾಯಚೂರು ದೋಆಬು ಎಂಬ ಹೆಸರು ರೂಢಿಯಲ್ಲಿರುವುದು. ಕರಿಯ ಎರೆಮಣ್ಣು, ಜೋಳ, ಹತ್ತಿ, ಅಲ್ಲಲ್ಲಿ ಬಂಡೆಗಲ್ಲಿನ ಗುಡ್ಡಗಳು. ಇಷ್ಟೇ ಈ ಸೀಮೆಯ ಹೊರರೂಪ. ಆದರೂ ಇದಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. ಆ ಯುದ್ಧಗಳ ಕಥೆಯನ್ನು ವಾಚಕರು ಶಾಲೆಯ ಪುಸ್ತಕಗಳಲ್ಲಿ ಓದಿಯೇ ಇರುವರು. ನಾವು ಈ ಸಲ ರಾಯಚೂರು, ದೇವದುರ್ಗ, ಮಾನವಿಗಳನ್ನು ನೋಡಹೋದುದು ಮುಖ್ಯವಾಗಿ ಇನ್ನೊಂದು ಕಾದಾಟದ ನೆನಪಿಗಾಗಿ. ಹೈದರಾಬಾದು ಸಂಸ್ಥಾನದ ವಿಮೋಚನೆಯ ಹೋರಾಟವನ್ನು ಮುಂದೆ ನಿಂತು ನಡೆಯಿಸಿದ ಸ್ವಾಮಿ ರಮಾನಂದ ತೀರ್ಥರು ೧೯೬೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕವು ನಮ್ಮ ಚೀಲದಲ್ಲಿತ್ತು. ನಾಡನ್ನು ನೋಡುತ್ತ ಪುಸ್ತಕವನ್ನೂ, ಪುಸ್ತಕವನ್ನು ಓದುತ್ತ ನಾಡನ್ನೂ ಅರಿಯಬೇಕೆಂಬುದು ನಮ್ಮ ಇಚ್ಛೆಯಾಗಿತ್ತು.

ರಾಯಚೂರನ್ನು ಸೇರಲು ರೈಲುಮಾರ್ಗವೇ ಸುಲಭವಾದುದು. ಮುಂಬಯಿಯ ಕಡೆಯಿಂದ ಬಂದ ಕಂಬಿಯೂ ಮದರಾಸಿನ ಕಡೆಯಿಂದ ಬಂದ ಕಂಬಿಯೂ ೧೮೭೧ರಲ್ಲಿ ಕೂಡಿಕೊಂಡುದು ಇಲ್ಲಿಯೇ. ಊರಿನ ನಡುವೆ ಕೋಟೆಯಿದೆ. ೧೨೯೪ರಲ್ಲಿ ಕಾಕತೀಯರ ಅಧಿಕಾರಿಯಾದ ವಿಠ್ಠಲನು ಇದನ್ನು ಕಟ್ಟಿಸಿದನೆಂದು ಗೋಡೆಯಲ್ಲಿಯೇ ಕೂಡಿಸಿದ ಒಂದು ಮಹಾಶಿಲೆಯ ಮೇಲಿನ ಶಾಸನವು ಸಾರುತ್ತಿದೆ. ಈ ಕಲ್ಲಿನ ಉದ್ದ ನಾಲ್ವತ್ತೊಂದು ಅಡಿಗೂ ಮಿಗಿಲು. ಇಂಥ ಕಲ್ಲನ್ನು ಕಣಿಯಿಂದ ಇಲ್ಲಿಗೆ ತಂದುದು ಹೇಗೆಂದು ನೋಡುವವರು ಬೆರಗಾಗುವರೆಂದೇ ಏನೋ, ಕೋಣಗಳ ಸಾಲು ಎಳೆಯುವ ಬಂಡಿಯ ಮೇಲೆ ಕಲ್ಲು ಬರುತ್ತಿರುವ ಚಿತ್ರವನ್ನು ಅಲ್ಲಿಯೇ ಗೀರಿಟ್ಟಿದ್ದಾರೆ. ಹೊರಗೋಡೆಯ ಬಾಗಿಲುಗಳಿಗೆ ಮೆಕ್ಕಾ ದರವಾಜೆ, ನವರಂಗಿ ದರವಾಜೆ, ಕಾಟಿ ದರವಾಜೆ ಎಂದು ಹೆಸರುಗಳು. ೧೫೧೩ರ ಒಂಟಿ ಮಿನಾರಿನ ಮಸೀದಿಯು ಊರಿನ ಮನೆಗಳ ನಡುವೆ ನೆಟ್ಟಗೆ ನಿಂತಿದೆ. ಅದಾದ ಏಳು ವರುಷಗಳಿಗೆ, ೧೫೨೦ರಲ್ಲಿ, ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ಈ ಕೋಟೆಯನ್ನು ಹಿಡಿದನು.

ಅರಸುಮನೆತನಗಳು ಉರುಳಿ ಕೊನೆಗೆ ಈ ಸೀಮೆಯು ನಿಜಾಮರ ಕೈಗೆ ಬಂದಿತು. ೧೮೫೩ರಲ್ಲಿ ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮರು ದೋಆಬನ್ನು ಇಂಗ್ಲಿಷರ ವಶಕ್ಕೆ ಬಿಟ್ಟುಕೊಡಬೇಕಾಯಿತು. ೧೮೬೦ರಲ್ಲಿ ಅದು ಮರಳಿ ಅವರಿಗೇ ಸೇರಿತು. ಜನರ ಮಾತು ಕನ್ನಡ. ಕಚೇರಿಯ ಮಾತು ಮೊದಲು ಪಾರಸಿ, ಅನಂತರ ಉರ್ದು. ಸಭೆ ಸೇರಬೇಕಾದರೆ ಸರಕಾರದ ಅಪ್ಪಣೆ ಬೇಕೆಂದು ಗಸ್ತಿ ನಿಶಾನ್ ೫೩ ಎಂಬ ಆಜ್ಞೆಯಿತ್ತು. ಇಂಥ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಬಂದ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಒಂದು ರಾಷ್ಟ್ರೀಯ ಶಾಲೆಯನ್ನು ತೆರೆದು ಅದಕ್ಕೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಪರರ ನೋವನ್ನು ತನ್ನದೆಂದು ಅರಿಯುವವನು ಎಂಬುದು ಆ ಪದದ ಭಾವ. ಹಿಂದು ಮುಸಲ್ಮಾನರೆಂಬ ಭೇದವಿಲ್ಲದೆ ಮಕ್ಕಳು ಒಟ್ಟಿಗೆ ಕಲಿಯಬೇಕೆಂದು ಬಯಸಿದ ಈ ಮಹನೀಯರು ಅಧಿಕಾರಿಗಳ ಕಣ್ಣಿಗೆ ಮುಳ್ಳಾದರು. ಕಡೆಗೆ ಅವರು ಸಂಸ್ಥಾನವನ್ನು ಬಿಟ್ಟು ಮದರಾಸು ಪ್ರಾಂತಕ್ಕೆ ಸೇರಿದ್ದ ತುಂಗಭದ್ರಾತೀರದ ರಾಮಪುರದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿಕೊಂಡರು, ೧೯೪೨ರಲ್ಲಿ ತೀರಿಕೊಂಡರು. ಅವರ ಶಾಲೆಯ ಹೆಸರನ್ನು ರಾಯಚೂರಿನ ಹಿರಿಯರು ಇಂದಿಗೂ ಗೌರವದಿಂದ ಉಚ್ಚರಿಸುತ್ತಾರೆ. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ಈ ಊರಿನಲ್ಲಿ ನೆರೆದುದೂ ಸಣ್ಣ ಸಂಗತಿಯಲ್ಲ. ರಾಜಕೀಯದ ಮಾತಿಗೆ ಬಾಯಿಲ್ಲದ ಕಡೆ ಭಾಷೆಯ ಅಭಿಮಾನವೇ ಜನರನ್ನು ಒಂದೆಡೆ ಸೇರಿಸಿತು.

ಇನ್ನು ಸ್ವಾಮಿಗಳ ವಿಷಯ. ಅವರ ಪೂರ್ವಾಶ್ರಮದ ಹೆಸರು ವೆಂಕಟರಾವ ಖೇಡಗೀಕರ. ಹುಟ್ಟಿದುದು ೧೯೦೩ರ ಅಕ್ಟೋಬರ್ ೩ರಂದು, ಸಿಂದಗಿಯ ಸೀಮೆಯಲ್ಲಿ. ಲೋಕಮಾನ್ಯ ತಿಲಕರು ತೀರಿಕೊಂಡಾಗ ಈ ವಿದ್ಯಾರ್ಥಿಯು ಮದುವೆಯಾಗದೆ ದೇಶಕ್ಕೆ ಬಾಳನ್ನು ಮುಡಿಪಾಗಿಡುವ ಸಂಕಲ್ಪ ಮಾಡಿದರಂತೆ. ಕೆಲಕಾಲ ಕಾರ್ಮಿಕರ ಮುಂದಾಳು ಎನ್. ಎಂ. ಜೋಶಿಯವರ ಬಳಿ ದುಡಿದು, ಆಮೇಲೆ ಮರಾಠವಾಡೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿ, ಸಂನ್ಯಾಸವನ್ನು ಸ್ವೀಕರಿಸಿದರು. ೧೯೩೮ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸನ್ನು ಸರಕಾರವು ಅದು ಹುಟ್ಟುವ ಮೊದಲೇ ನಿಷೇಧಿಸಿತು. ಅದೇ ಅಕ್ಟೋಬರಿನಲ್ಲಿ ಆರಂಭವಾದ ಸತ್ಯಾಗ್ರಹದಲ್ಲಿ ಸ್ವಾಮಿಗಳು ಸೆರೆಮನೆಯನ್ನು ಸೇರಿದರು. ಅಲ್ಲಿಂದ ಹತ್ತು ವರುಷಗಳ ಕಾಲ ಅವರ ಬದುಕು ಸೆರೆಮನೆಗೂ ಊರೂರಿನ ಸುತ್ತಾಟಕ್ಕೂ ಹಂಚಿಹೋಯಿತು.

ಇಂಥ ಪುಸ್ತಕಗಳ ಮಾತು ಬಂದಾಗ ಐರ್ಲೆಂಡಿನ ನೆನಪು ಬಾರದಿರದು. ಅಲ್ಲಿಯ ಗಣರಾಜ್ಯವಾದಿ ಡ್ಯಾನ್ ಬ್ರೀನನು ೧೯೨೪ರಲ್ಲಿ ಪ್ರಕಟಿಸಿದ ತನ್ನ ಹೋರಾಟದ ಕಥನವನ್ನು ಬಂಗಾಳದ ಕ್ರಾಂತಿಕಾರರು ಗುಟ್ಟಾಗಿ ಓದಿದರು. ೧೯೩೦ರ ಏಪ್ರಿಲಿನಲ್ಲಿ ಚಿತ್ತಗಾಂಗಿನ ಶಸ್ತ್ರಾಗಾರಕ್ಕೆ ನುಗ್ಗಿದವರು ತಮ್ಮ ದಳಕ್ಕೆ ಐರಿಷ್ ಸೇನೆಯನ್ನು ಹೋಲುವ ಹೆಸರನ್ನೇ ಇಟ್ಟುಕೊಂಡರು. ಬ್ರೀನನದು ಬಂದೂಕು ಹಿಡಿದವನ ಕಥೆ. ಸ್ವಾಮಿಗಳದು ಗಾಂಧಿಯವರನ್ನು ನಂಬಿದ ಸಂನ್ಯಾಸಿಯ ಕಥೆ. ಆದರೆ ಇಬ್ಬರ ಮುಂದೆಯೂ ಒಂದೇ ಪ್ರಶ್ನೆಯು ಬಂದು ನಿಂತಿತು: ಸಭೆಯೂ ಅರ್ಜಿಯೂ ಸತ್ಯಾಗ್ರಹವೂ ನಡೆಯಗೊಡದ ಅರಸೊತ್ತಿಗೆಯೆದುರು ಮುಂದೇನು?

ಈ ಪ್ರಶ್ನೆಯು ೧೯೪೭ರ ಆಗಸ್ಟ್ ೧೫ರಂದು ಕಟುವಾಯಿತು. ಹೊಳೆಯಾಚೆ ಬಳ್ಳಾರಿಯ ಜಿಲ್ಲೆಯಲ್ಲಿ ಜನರು ಸಕ್ಕರೆ ಹಂಚಿದರು; ಈಚೆ ರಾಯಚೂರಿನಲ್ಲಿ ತ್ರಿವರ್ಣ ಧ್ವಜವನ್ನು ಏರಿಸಿದ ತರುಣರು ಸೆರೆಮನೆಗೆ ಹೋದರು. ಸ್ವಾಮಿಗಳನ್ನು ಅದೇ ದಿನ ಹಿಡಿದರು. ನಡುವೆ ಅಲ್ಪಕಾಲ ಹೊರಬಂದುದನ್ನು ಬಿಟ್ಟರೆ ಸಂಸ್ಥಾನವು ಶರಣಾಗುವ ತನಕ ಅವರು ಬಂಧನದಲ್ಲಿಯೇ ಇದ್ದರು. ರಾಯಚೂರಿನಲ್ಲಿ ಮಟಮಾರಿ ನಾಗಪ್ಪನವರಂಥ ವಕೀಲರು ಮುಂದಾಳುಗಳಾಗಿದ್ದರು. ಲಾತೂರಿನ ಕಾಸಿಂ ರಜವಿಯ ನಾಯಕತ್ವದಲ್ಲಿ ರಜಾಕಾರರ ದಂಡುಗಳು ಹಳ್ಳಿಗಳ ಮೇಲೆ ಎರಗತೊಡಗಿದವು. ಜನರು ಮನೆಮಾರು ಬಿಟ್ಟು ಗಡಿ ದಾಟಿದರು. ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯೂರುಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರೂ ನಡೆಯಿಸಿದರು. ಸತ್ಯಾಗ್ರಹವನ್ನು ಕಲಿತವರ ಕೈಗೆ ಅಲ್ಲಿ ಬಂದೂಕು ಬಂದಿತು.

ರಾಯಚೂರಿನಿಂದ ದೇವದುರ್ಗಕ್ಕೆ ವಾಯವ್ಯದಿಕ್ಕಿನ ದಾರಿ. ನಡುವೆ ಗಬ್ಬೂರು ಸಿಗುವುದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳೂ ಹಳೆಯ ಗುಡಿಗಳೂ ಇರುವ ಈ ಊರಿನಲ್ಲಿ ಅರ್ಧ ದಿನ ನಿಂತರೆ ಹೊತ್ತು ಹಾಳಾಗದು. ದೇವದುರ್ಗವು ಬೇಡ ನಾಯಕರ ಗಟ್ಟಿಸ್ಥಾನವಾಗಿದ್ದ ಊರು. ಕೃಷ್ಣೆಯಾಚೆಯ ಸುರಪುರದ ದೊರೆ ವೆಂಕಟಪ್ಪನಾಯಕನು ೧೮೫೮ರಲ್ಲಿ ಇಂಗ್ಲಿಷರ ಮೇಲೆ ಎದ್ದು ಸೆರೆಸಿಕ್ಕು, ಅದೇ ವರುಷ ಸತ್ತುದನ್ನು ಈ ಸೀಮೆಯ ಜನರು ಮರೆತಿಲ್ಲ. ನಾರಾಯಣಪುರದ ಬಲದಂಡೆಯ ಕಾಲುವೆ ಬಂದ ಮೇಲೆ ತಾಲೂಕಿನ ಹಲವು ಹಳ್ಳಿಗಳು ಹಸುರಾಗಿವೆ. ಆದರೆ ಆ ದಿನಗಳಲ್ಲಿ ಇದು ಮಳೆಯನ್ನೇ ನಂಬಿದ, ಶಾಲೆ ರಸ್ತೆಗಳಿಗೆ ದೂರವಾದ ಮೂಲೆ. ಭೂಪಟವನ್ನು ಬಿಡಿಸಿ ನೋಡಿದಾಗ ನಮಗೊಂದು ಸಂಗತಿಯು ಹೊಳೆಯಿತು. ದೇವದುರ್ಗದ ಬಡಗಣ ಹೊಳೆಯನ್ನು ದಾಟಿದರೂ ಅದು ನಿಜಾಮರ ಸೀಮೆಯೇ. ಗಡಿಯ ಬಳಿಯವರಿಗೆ ಓಡಿಹೋಗಲು ಒಂದು ದಡವಿತ್ತು. ಇಲ್ಲಿಯವರಿಗೆ ಅದು ದೂರವಾಗಿತ್ತು. ಹೋರಾಟದ ಪುಸ್ತಕಗಳಲ್ಲಿ ಶಿಬಿರಗಳ ಊರುಗಳ ಹೆಸರುಗಳೇ ಹೆಚ್ಚಾಗಿ ಬರುವುದು ಸಹಜ. ಮನೆಯಲ್ಲಿಯೇ ಉಳಿದು, ಕದವಿಕ್ಕಿ, ಮಕ್ಕಳ ಬಾಯನ್ನು ಕೈಯಿಂದ ಮುಚ್ಚಿ ರಾತ್ರಿ ಕಳೆದ ತಾಯಂದಿರ ನೆನಪುಗಳನ್ನು ಬರೆದವರು ಕಡಮೆ.

ದೇವದುರ್ಗದಿಂದ ಸಿರವಾರದ ಮೇಲೆ ಮಾನವಿಗೆ ಬಂದೆವು. ಇದು ದಾಸರ ಸೀಮೆ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ನೆಲೆಸಿದ್ದ ಊರು ಮಾನವಿ; ವಿಜಯದಾಸರು ಹುಟ್ಟಿದ ಚೀಕಲಪರವಿಯು ಇದೇ ಸೀಮೆಯ ಹೊಳೆದಂಡೆಯಲ್ಲಿದೆ; ಗೋಪಾಲದಾಸರ ಮೊಸರಕಲ್ಲನ್ನು ನಾವು ದೇವದುರ್ಗದ ತಾಲೂಕಿನಲ್ಲಿಯೇ ಹಿಂದೆ ಬಿಟ್ಟು ಬಂದಿದ್ದೆವು. ಮಾನವಿಯ ಸುತ್ತ ಈಗ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳು. ೧೯೪೫ರಲ್ಲಿ ನಿಜಾಮರ ಸರಕಾರವೂ ಮದರಾಸು ಸರಕಾರವೂ ಕೂಡಿ ಅಡಿಗಲ್ಲಿಟ್ಟ ತುಂಗಭದ್ರೆಯ ಅಣೆಕಟ್ಟಿನ ಎಡದಂಡೆಯ ನೀರು ಇದು. ದೂರಬೇಕಾದುದನ್ನು ದೂರುವಾಗ ಇದನ್ನೂ ಹೇಳುವುದು ನ್ಯಾಯ.

ಹೊಳೆದಂಡೆಯ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ತಮ್ಮ ಮನೆಯ ಕಟ್ಟೆಯ ಮೇಲೆ ನಮ್ಮನ್ನು ಕೂಡಿಸಿ, ಖಡಕ್ ರೊಟ್ಟಿ, ಪುಂಡಿಪಲ್ಯೆ, ಶೇಂಗಾದ ಹಿಂಡಿಗಳನ್ನು ಬಡಿಸಿದರು. ತಮ್ಮ ತಂದೆಯವರು ದನಕರುಗಳೊಡನೆ ರಾತ್ರಿ ಹೊಳೆ ದಾಟಿದ ಕಥೆಯನ್ನು ಹೇಳಿ, ಕೊನೆಗೆ ಮೆಲ್ಲಗೆ ಹೀಗೆಂದರು: “ನೋಡ್ರಿ, ನಮ್ಮ ಎತ್ತುಗಳನ್ನು ತಿಂಗಳುಗಟ್ಟಲೆ ಮೇಯಿಸಿ ಕಾಯ್ದು ಒಪ್ಪಿಸಿದಾವ ಒಬ್ಬ ಸಾಬನೇ. ಆಮೇಲೆ ಅವರ ಮನಿ ಮಂದಿ ಊರು ಬಿಟ್ಟು ಹೋದಾಗ ನಮ್ಮವರು ಯಾರೂ ತಡೀಲಿಲ್ಲ.”

ಈ ಮಾತಿನ ಹಿಂದಿರುವ ಚರಿತ್ರೆಯನ್ನು ಮರೆಮಾಡುವುದು ಸಲ್ಲದು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಶರಣಾದರು. ಆ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರ್ಟಾದಲ್ಲಿ ರಜಾಕಾರರು ನಡೆಯಿಸಿದ ಕೊಲೆಗಳು ಎಷ್ಟು ನಿಜವೋ, ಸೆಪ್ಟೆಂಬರಿನ ತರುವಾಯ ಹಲವು ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಕೊಲೆ ಸುಲಿಗೆಗಳೂ ಅಷ್ಟೇ ನಿಜ. ಇದನ್ನು ವಿಚಾರಿಸಲು ಭಾರತ ಸರಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ಕಡಮೆಯೆಂದರೂ ೨೭ ಸಾವಿರದಿಂದ ೪೦ ಸಾವಿರ ಜನರು ಸತ್ತರೆಂದು ಆ ಸಮಿತಿಯು ಅಂದಾಜು ಮಾಡಿತು. ಅದರ ವರದಿಯು ದಶಕಗಳ ಕಾಲ ಬೆಳಕು ಕಾಣಲಿಲ್ಲ. ರಜಾಕಾರರನ್ನು ಎದುರಿಸಿ ಬರೆದುದಕ್ಕಾಗಿ ೧೯೪೮ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ ಪತ್ರಕರ್ತ ಶೋಯೆಬುಲ್ಲಾ ಖಾನರು ಮುಸಲ್ಮಾನರೆಂಬುದನ್ನೂ ನೆನೆಯಬೇಕು. ಅರಸನ ಮೇಲಿನ ಸಿಟ್ಟನ್ನು ನೆರೆಯವನ ಮೇಲೆ ತೀರಿಸಿಕೊಳ್ಳುವುದು ವಿಮೋಚನೆಯಲ್ಲ. ಐರ್ಲೆಂಡಿನಲ್ಲಿಯೂ ಇಂಗ್ಲಿಷರೊಡನೆ ಒಪ್ಪಂದವಾದ ಮರುವರುಷವೇ, ೧೯೨೨ರಲ್ಲಿ, ಒಂದೇ ಸೇನೆಯಲ್ಲಿ ಹೆಗಲೆಣೆಯಾಗಿದ್ದವರು ಪರಸ್ಪರ ಗುಂಡು ಹಾರಿಸಿದರು. ಹೋರಾಟದ ಗೆಲವಿಗಿಂತ ಗೆದ್ದ ಮರುದಿನದ ನಡೆಯು ಕಠಿಣವಾದುದು.

ಸ್ವಾಮಿಗಳು ಗೆದ್ದ ಮೇಲೆ ಪದವಿಯನ್ನು ಬೆನ್ನಟ್ಟಲಿಲ್ಲ. ೧೯೫೨ರಲ್ಲಿ ಕಲಬುರಗಿಯಿಂದಲೂ ೧೯೫೭ರಲ್ಲಿ ಔರಂಗಾಬಾದಿನಿಂದಲೂ ಲೋಕಸಭೆಗೆ ಆರಿಸಿಬಂದರು. ಹೈದರಾಬಾದು ರಾಜ್ಯವನ್ನು ಭಾಷೆಗಳಿಗೆ ತಕ್ಕಂತೆ ಹಂಚಬೇಕೆಂದು ವಾದಿಸಿದರು. ೧೯೫೬ರ ನವೆಂಬರ್ ೧ರಂದು ರಾಯಚೂರು ಕನ್ನಡ ನಾಡನ್ನು ಸೇರಿತು. ತಾವು ಕಟ್ಟಿದ ಸಂಸ್ಥೆಯ ಮೂಲಕವೇ ತಾವು ದುಡಿದ ರಾಜ್ಯವನ್ನು ಇಲ್ಲವಾಗಿಸಲು ಶ್ರಮಿಸಿದ ಮುಂದಾಳುಗಳು ವಿರಳ. ೧೯೭೨ರ ಜನವರಿಯಲ್ಲಿ ಅವರು ದೇಹಬಿಟ್ಟರು.

ಈ ಸೀಮೆಯನ್ನು ನೋಡಬಯಸುವ ವಾಚಕರು ಮಳೆಗಾಲ ಮುಗಿದ ಮೇಲೆ ಹೊರಡುವುದು ಒಳ್ಳೆಯದು; ಇಲ್ಲಿಯ ಬೇಸಗೆಯು ತಾಳಲಸಾಧ್ಯ. ಮೂರು ಊರುಗಳಿಗೆ ಮೂರು ದಿನ ಸಾಕು. ಸೆಪ್ಟೆಂಬರ್ ೧೭ಕ್ಕೆ ಹೊಂದಿಸಿಕೊಂಡು ಹೋದರೆ ವಿಮೋಚನೆಯ ದಿನದ ಧ್ವಜಾರೋಹಣವನ್ನೂ ಕಾಣಬಹುದು. ಕೋಟೆಯ ಶಾಸನವನ್ನು ಓದಿದ ಮೇಲೆ, ಸಾಧ್ಯವಾದರೆ, ಯಾವುದಾದರೊಂದು ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಹಿರಿಯರನ್ನು ಮಾತನಾಡಿಸಿರಿ. ಆ ವರುಷವನ್ನು ಕಣ್ಣಾರೆ ಕಂಡವರು ಇನ್ನು ಕೆಲವರೇ ಉಳಿದಿದ್ದಾರೆ. ಅವರಿಂದ ಕೇಳಿದವರೂ ಈಗ ಮುದುಕರು. ಅಂಥವರು ತಮ್ಮ ಮನೆಯಲ್ಲಿಯೇ ಇದ್ದರೆ, ಅವರು ಹೇಳುವುದನ್ನು ಇಂದೇ ಒಂದು ವಹಿಯಲ್ಲಿ ಬರೆದಿಡಿರಿ. ತಮಗೆ ಹಿತವಾದುದನ್ನು ಮಾತ್ರವಲ್ಲ, ಹಿತವಲ್ಲದುದನ್ನೂ ಬರೆಯಿರಿ.