ಗಾಲಿಗಳ ಮೇಲಣ ಮನೆ

ನಮ್ಮ ದೇಶದಲ್ಲಿ ಯಾತ್ರೆಗೆ ವಿರಾಮವನ್ನು ಕೊಡತಕ್ಕ ಕಾಲವು ಮಳೆಗಾಲ. ಯತಿಗಳು ಚಾತುರ್ಮಾಸ್ಯವನ್ನು ಕೈಕೊಂಡು ಒಂದೇ ಸ್ಥಳದಲ್ಲಿ ನಿಲ್ಲುವುದೂ, ಹಿಂದಿನ ಕಾಲದಲ್ಲಿ ರೈತರು ಕಮಾನುಬಂಡಿಯನ್ನು ಕೊಟ್ಟಿಗೆಗೆ ಸೇರಿಸುತ್ತಿದ್ದುದೂ ಆ ಕಾಲದಲ್ಲಿಯೇ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರಭಾಗದಲ್ಲಿಯಾದರೋ ಈ ವಿರಾಮವನ್ನು ವಿಧಿಸುವುದು ಹಿಮ. ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ ಎಂಬ ನಾಲ್ಕು ಮಹಾಸರೋವರಗಳ ದಡವನ್ನು ಹೊಂದಿರುವ ಮಿಶಿಗನ್ ಸಂಸ್ಥಾನದಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೂ ನೀರು ಹೆಪ್ಪುಗಟ್ಟುವ ರಾತ್ರಿಗಳು ಬರುತ್ತಲೇ ಇರುವುವು. ಅಲ್ಲಿಯ ಆನ್ ಆರ್ಬರ್ ಪಟ್ಟಣದ ಬಳಿ ಉದ್ಯೋಗದಲ್ಲಿರುವ ನಮ್ಮ ಮಗನ ಮನೆಯಲ್ಲಿ ಒಂದು ವಸಂತವನ್ನು ಕಳೆಯುವ ಯೋಗವು ನಮಗೆ ಒದಗಿದ್ದುದರಿಂದ, ಹಿಮವು ಕರಗಿದೊಡನೆ ಆ ಸೀಮೆಯವರು ಪ್ರವಾಸಕ್ಕೆ ಹೇಗೆ ಸನ್ನಾಹಮಾಡುವರೆಂಬುದನ್ನು ಕಣ್ಣಾರೆ ಕಂಡೆವು. ಮಕ್ಕಳು ದೂರದೇಶದಲ್ಲಿ ನೆಲಸಿರುವ ಮನೆಗಳು ಈಗ ನಮ್ಮ ನಾಡಿನಲ್ಲಿ ಬಹಳವಾಗಿರುವುದರಿಂದ ಈ ವಿಷಯವು ವಾಚಕರಿಗೆ ಅನುಪಯುಕ್ತವಾಗಲಾರದೆಂದು ನಂಬಿ ಬರೆಯುತ್ತೇವೆ.

ಅವರು ಕ್ಯಾಂಪರ್ ಎಂದು ಕರೆಯುವ ವಾಹನಗಳಲ್ಲಿ ಹಲವು ಬಗೆಗಳುಂಟು. ತನ್ನ ಯಂತ್ರದಿಂದ ತಾನೇ ಓಡತಕ್ಕದ್ದು ಒಂದು. ಮುಂದಿನ ಮೋಟಾರಿಗೆ ಕೊಂಡಿ ಹಾಕಿ ಎಳೆಸಿಕೊಂಡು ಹೋಗತಕ್ಕದ್ದು ಮತ್ತೊಂದು. ನಮ್ಮ ಮಗನದು ಎರಡನೆಯ ಜಾತಿಯದು. ಒಳಗೆ ಅಡಿಗೆಯ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ನೀರು ಕಾಯಿಸುವ ಹಂಡೆ, ಶೌಚಗೃಹ, ದೊಡ್ಡವರಿಗೆ ಮಂಚ, ಹುಡುಗರಿಗೆ ಒಂದರ ಮೇಲೊಂದು ಹಲಗೆಯ ಹಾಸಿಗೆ, ಇಷ್ಟೂ ಒಂದು ಕೋಣೆಯಷ್ಟು ಜಾಗದಲ್ಲಿ ಅಡಕವಾಗಿರುವುವು. ಇಂತಹ ವಾಹನಗಳ ಬಹುಭಾಗವು ನೆರೆಯ ಇಂಡಿಯಾನಾ ಸಂಸ್ಥಾನದ ಎಲ್ಕ್‌ಹಾರ್ಟ್ ಪ್ರದೇಶದ ಕಾರ್ಖಾನೆಗಳಲ್ಲಿ ತಯಾರಾಗುವುದು.

ಚಳಿಗಾಲಕ್ಕೆ ಈ ಮನೆಯನ್ನು ಹಾಗೆಯೇ ಬಿಟ್ಟರೆ ಕೆಡುವುದು ಮೊದಲು ಅದರ ನೀರಿನ ಕೊಳವೆಗಳು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು ೯ ಪಾಲು ಹಿಗ್ಗುವುದರಿಂದ ಕೊಳವೆಯೂ ನಲ್ಲಿಯೂ ಬಿರಿದುಹೋಗುವುವು. ಆದಕಾರಣ ಶರತ್ಕಾಲದಲ್ಲಿಯೇ ನೀರನ್ನೆಲ್ಲ ಬಸಿದು, ಹೆಪ್ಪುಗಟ್ಟದಂತಹ ಗುಲಾಬಿ ಬಣ್ಣದ ಒಂದು ದ್ರವವನ್ನು ಕೊಳವೆಗಳಲ್ಲಿ ತುಂಬಿಡುವರು. ಇದು ಪ್ರೋಪಿಲೀನ್ ಗ್ಲೈಕಾಲ್ ಎಂಬುದರಿಂದ ಮಾಡಿದ್ದು. ಮೋಟಾರಿನ ಯಂತ್ರಕ್ಕೆ ಸಾಧಾರಣವಾಗಿ ಹಾಕುವ ಎಥಿಲೀನ್ ಗ್ಲೈಕಾಲ್ ವಿಷವಾದುದರಿಂದ ಅದನ್ನು ಕುಡಿಯುವ ನೀರಿನ ದಾರಿಗೆ ಎಂದೂ ಸೇರಿಸಕೂಡದು.

ವಸಂತದ ಕೆಲಸವು ಮಾಳಿಗೆಯಿಂದ ಪ್ರಾರಂಭವಾಗುವುದು. ಹಿಮದ ಭಾರದಿಂದಲೂ ಚಳಿ ಬಿಸಿಲುಗಳ ಎಳೆದಾಟದಿಂದಲೂ ಮೇಲ್ಛಾವಣಿಯ ಸಂದುಗಳ ಮೆತ್ತಿಗೆಯು ಬಿರುಕುಬಿಟ್ಟಿದೆಯೇ ಎಂದು ನೋಡಬೇಕು; ಕೂದಲೆಳೆಯಷ್ಟು ಬಿರುಕಾದರೂ ಒಂದೇ ಮಳೆಗಾಲದಲ್ಲಿ ಗೋಡೆಯ ಮರವನ್ನು ಕೊಳೆಯಿಸಬಲ್ಲುದು. ಅನಂತರ ಇಲಿಗಳ ವಿಚಾರ. ಬೆಚ್ಚನೆಯ ಹತ್ತಿಯನ್ನೂ ತಂತಿಯ ಹೊದಿಕೆಯನ್ನೂ ಕಡಿದು ಅವು ಗೂಡುಕಟ್ಟಿರುವುದು ಅಪೂರ್ವವಲ್ಲ. ಚಕ್ರಗಳನ್ನು ನೋಡುವಾಗ ರಬ್ಬರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಬೇಕು. ‘೨೩೧೯’ ಎಂದಿದ್ದರೆ ಆ ಟೈರು ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾಯಿತೆಂದರ್ಥ. ಹೆಚ್ಚು ಓಡದೆ ನಿಂತಿದ್ದ ಟೈರು ಹೊಸದರಂತೆ ಕಂಡರೂ ವಯಸ್ಸಿನಿಂದಲೇ ರಬ್ಬರು ಸೆಟೆದು ಸಿಡಿಯುವುದುಂಟು. ಚಕ್ರದ ನಟ್ಟುಗಳನ್ನು ಗೊತ್ತಾದ ಬಿಗಿಗೆ ತಿರುಗಿಸಿ, ಮೊದಲ ೫೦ ಮೈಲಿ ಓಡಿದಮೇಲೆ ಮತ್ತೊಮ್ಮೆ ನೋಡತಕ್ಕದ್ದು. ಅಚ್ಚಿನ ಗುಂಡುಗಳಿಗೆ ಗ್ರೀಸನ್ನು ಹಚ್ಚುವುದನ್ನು ಕಂಡಾಗ ನಮ್ಮ ಊರಿನ ಬಂಡಿಯ ಕೀಲೆಣ್ಣೆಯೂ ಕಡೆಗೀಲೂ ನೆನಪಿಗೆ ಬಂದುವು. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಅಳೆದರೆ ೧೨.೬ರಷ್ಟು ಬರಬೇಕು, ೧೨.೧ಕ್ಕೆ ಇಳಿದಿದ್ದರೆ ಅರ್ಧ ಬರಿದಾಗಿದೆಯೆಂದು ತಿಳಿಯತಕ್ಕದ್ದು.

ಇನ್ನು ನೀರಿನ ಶುದ್ಧಿ. ಗುಲಾಬಿ ದ್ರವವು ಪೂರ್ತಿಯಾಗಿ ಹೋಗುವವರೆಗೂ ಪ್ರತಿಯೊಂದು ನಲ್ಲಿಯಿಂದಲೂ ಸ್ವಚ್ಛವಾದ ನೀರನ್ನು ಹರಿಯಿಸಬೇಕು. ಬಳಿಕ ಸುಗಂಧ ಬೆರೆಯದ ಬ್ಲೀಚ್ ದ್ರವವನ್ನು ೧೫ ಅಮೆರಿಕನ್ ಗ್ಯಾಲನ್ ನೀರಿಗೆ ಕಾಲು ಕಪ್ಪಿನಂತೆ, ಅಂದರೆ ಸುಮಾರು ೫೭ ಲೀಟರಿಗೆ ೬೦ ಮಿಲಿಲೀಟರಿನಂತೆ, ಬೇರೆ ನೀರಿನಲ್ಲಿ ಕಲಸಿಕೊಂಡು ತೊಟ್ಟಿಗೆ ಹಾಕಿ, ಎಲ್ಲ ನಲ್ಲಿಗಳಲ್ಲಿಯೂ ಅದರ ವಾಸನೆ ಬರುವವರೆಗೆ ಹರಿಯಿಸಿ, ಒಂದು ರಾತ್ರಿ ಹಾಗೆಯೇ ನಿಲ್ಲಿಸುವರು. ಮರುದಿನ ಬರಿದುಮಾಡಿ ವಾಸನೆಯು ಹೋಗುವವರೆಗೆ ತೊಳೆದರೆ ನೀರು ಪಾನಯೋಗ್ಯವಾಗುವುದು. ಹಂಡೆಯಲ್ಲಿ ನೀರು ತುಂಬಿದೆಯೆಂಬುದನ್ನು ಕಂಡುಕೊಳ್ಳದೆ ಅದರ ವಿದ್ಯುತ್ತನ್ನು ಹಾಕಿದರೆ ಕಾಯಿಸುವ ಸಲಾಕೆಯು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು.

ಇವೆಲ್ಲಕ್ಕಿಂತಲೂ ಗುರುತರವಾದದ್ದು ಅನಿಲದ ಪರೀಕ್ಷೆ. ಒಲೆಗೂ ಹಂಡೆಗೂ ಕೋಣೆಯ ಕಾವಿಗೂ ಪ್ರೋಪೇನ್ ಎಂಬ ಅನಿಲವೇ ಆಧಾರ. ಅದಕ್ಕೆ ಸ್ವಂತ ವಾಸನೆಯಿಲ್ಲದ್ದರಿಂದ ಸೋರಿದರೆ ತಿಳಿಯಲೆಂದು ದುರ್ಗಂಧದ ಪದಾರ್ಥವೊಂದನ್ನು ಬೆರಸಿರುವರು. ಅದು ಗಾಳಿಗಿಂತ ಭಾರವಾದುದು. ಆದುದರಿಂದ ಸೋರಿದ್ದು ಮೇಲಕ್ಕೆ ಹೋಗದೆ ನೆಲದಮೇಲೆ ಹರಡಿಕೊಳ್ಳುವುದು. ಪತ್ತೆಹಚ್ಚುವ ಯಂತ್ರವನ್ನು ಗೋಡೆಯ ಬುಡದಲ್ಲಿ ಇಡುವುದು ಇದಕ್ಕಾಗಿಯೇ. ಉರಿಯು ಅರೆಬರೆಯಾದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಬೇರೊಂದು ಶತ್ರು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಡಜದ ಹುಳುಗಳು ಹೊಗೆಯ ದಾರಿಯಲ್ಲಿ ಮಣ್ಣಿನ ಗೂಡು ಕಟ್ಟಿದ್ದರೆ ಆ ಅಪಾಯವು ಹೆಚ್ಚುವುದು. ಅದಕ್ಕೂ ಪ್ರತ್ಯೇಕವಾದ ಪತ್ತೆಯಂತ್ರ ಬೇಕು.

ನಮ್ಮ ಮಗನು ಸಿಲಿಂಡರನ್ನು ತಿರುಗಿಸಿ, ಸಾಬೂನಿನ ನೀರನ್ನು ಒಂದೊಂದು ಸಂದಿಗೂ ಕುಂಚದಿಂದ ಹಚ್ಚುತ್ತ ಬಂದನು. ಒಲೆಯ ಹಿಂದಣ ಜೋಡಣೆಯಲ್ಲಿ ಸಾಸಿವೆಕಾಳಿನಂತಹ ಗುಳ್ಳೆಗಳು ಒಂದರ ಹಿಂದೊಂದು ಎದ್ದುವು. ಕೂಡಲೇ ಸಿಲಿಂಡರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದನು. ಮರುದಿನ ಬೆಳಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ತಂಗುವ ಸ್ಥಳಕ್ಕೆ ನಾಲ್ಕು ದಿನದ ಹಣವೂ ಸಂದಿತ್ತು. ಬಹು ಕಷ್ಟದಿಂದ ದೊರೆತ ರಜ ಅವನದು. ಸಿಲಿಂಡರನ್ನು ಮುಚ್ಚಿಯೇ ಹೋಗೋಣ, ಅಡಿಗೆಯನ್ನು ಹೊರಗೆ ಸೌದೆಯಲ್ಲಿ ಮಾಡಿಕೊಳ್ಳೋಣ ಎಂದು ಅವನು ಹೇಳಿದನು. ಸೊಸೆಯು, “ರಾತ್ರಿ ಚಳಿ ಹೆಚ್ಚಾದರೆ ಕಾವಿಗೆಂದು ಅದನ್ನು ತಿರುಗಿಸದೆ ಇರುವಿರಾ? ಕೆಳಗಣ ಹಾಸಿಗೆಯಲ್ಲಿ ಮಲಗುವವನು ಯಾರು?” ಎಂದು ಕೇಳಿದಳು. ಕೆಳಗಣ ಹಾಸಿಗೆಯು ನಾಲ್ಕು ವರ್ಷದ ನಮ್ಮ ಮೊಮ್ಮಗನದು. ಅದು ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ. ಮಗನು ನಮ್ಮ ಮುಖವನ್ನು ನೋಡಿದನು. “ಅವಳು ಹೇಳುವುದು ಸರಿಯಪ್ಪಾ,” ಎಂದೆವು. ಶೂದ್ರಕನ ಮೃಚ್ಛಕಟಿಕದಲ್ಲಿ ಬಂಡಿಯು ಅದಲುಬದಲಾದುದನ್ನು ತಿಳಿಯದೆ ಹತ್ತಿದ ವಸಂತಸೇನೆಯು ಪ್ರಾಣಸಂಕಟಕ್ಕೆ ಸಿಕ್ಕುವ ಕಥೆಯನ್ನು ನಾವು ಶಾಲೆಯಲ್ಲಿ ಎಷ್ಟೋ ವರ್ಷ ಹೇಳಿದ್ದೆವು. ಹತ್ತುವುದಕ್ಕೆ ಮುಂಚೆ ಬಂಡಿಯನ್ನು ನೋಡಿಕೊಳ್ಳುವ ಪ್ರಸಂಗವು ನಮ್ಮ ಮನೆಗೇ ಬಂದಿತು.

ಅನಿಲದ ಕೆಲಸವನ್ನು ಬಲ್ಲ ಕುಶಲನು ಬರುವುದಕ್ಕೆ ಎರಡು ದಿನ ಹಿಡಿಯಿತು. ಅವನು ಬಿರಿದಿದ್ದ ಜೋಡಣೆಯನ್ನು ತೆಗೆದು ಹೊಸದನ್ನು ಹಾಕಿ, ಒತ್ತಡವನ್ನು ಅಳೆದು, ಅದು ಇಳಿಯದೆ ನಿಲ್ಲುವುದನ್ನು ನಮಗೆಲ್ಲ ತೋರಿಸಿದನು. ಗೋಡೆಯ ಬುಡದ ಪತ್ತೆಯಂತ್ರವನ್ನು ತಿರುಗಿಸಿ ನೋಡಲಾಗಿ ಅದರ ಅವಧಿಯೂ ಹಿಂದಿನ ವರ್ಷವೇ ಮುಗಿದಿತ್ತು, ಅದನ್ನೂ ಬದಲಾಯಿಸಿದ್ದಾಯಿತು. ಎರಡು ದಿನದ ಹಣವು ಹೋಯಿತು. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಮೂರನೆಯ ದಿನ ಲ್ಯಾನ್ಸಿಂಗ್, ಕ್ಲೇರ್ ಪಟ್ಟಣಗಳ ಮೇಲೆ ವಾಯವ್ಯಕ್ಕೆ ಹೊರಟೆವು. ಮೇ ತಿಂಗಳ ನಡುವಿನ ಕಾಲ. ದಕ್ಷಿಣದಲ್ಲಿ ಮರಗಳೆಲ್ಲ ಚಿಗುರಿದ್ದುವು. ಉತ್ತರಕ್ಕೆ ಹೋದಂತೆಲ್ಲ ಎಲೆಯು ಚಿಕ್ಕದಾಗುತ್ತ ಬಂದು, ವಸಂತವು ಹಿಂದಕ್ಕೆ ನಡೆಯುತ್ತಿರುವಂತೆ ತೋರಿತು. ಟ್ರಾವರ್ಸ್ ಸಿಟಿಯ ಸುತ್ತಲೂ ಚೆರ್ರಿಯ ತೋಟಗಳು ಬಿಳಿಯ ಹೂವಿನಿಂದ ತುಂಬಿದ್ದುವು. ಅಲ್ಲಿಂದ ಮುಂದೆ ಮಿಶಿಗನ್ ಸರೋವರದ ದಡದಲ್ಲಿ ‘ಮಲಗಿದ ಕರಡಿ’ ಎಂಬ ಅರ್ಥದ ಹೆಸರುಳ್ಳ ಸ್ಲೀಪಿಂಗ್ ಬೇರ್ ಮರಳುದಿಬ್ಬಗಳಿರುವುವು. ೧೯೭೦ರಲ್ಲಿ ಇವನ್ನು ರಾಷ್ಟ್ರದ ರಕ್ಷಿತ ತೀರವನ್ನಾಗಿ ಮಾಡಿದರು. ಕೆಲವು ಕಡೆ ಮರಳಿನ ಗೋಡೆಯು ನೀರಿನಿಂದ ೪೫೦ ಅಡಿಯವರೆಗೆ ಎದ್ದುನಿಂತಿರುವುದು. ಆಚೆಯ ದಡವು ಕಾಣದ ಆ ಸಿಹಿನೀರಿನ ಹರವನ್ನು ನೋಡಿ ನಮ್ಮ ಮನೆಯವರು ಸಮುದ್ರವೆಂದೇ ಕೈಮುಗಿದರು.

ಆ ಸೀಮೆಯ ಮೂಲನಿವಾಸಿಗಳಾದ ಅನಿಶಿನಾಬೆ ಜನರಲ್ಲಿ ಇದರ ಕಥೆಯೊಂದುಂಟು. ಆಚೆಯ ದಡದ ಕಾಡಿಗೆ ಬೆಂಕಿ ಬೀಳಲು ಒಂದು ತಾಯಿಕರಡಿಯು ಎರಡು ಮರಿಗಳೊಡನೆ ಸರೋವರವನ್ನು ಈಜತೊಡಗಿತು. ತಾಯಿಯು ದಡವನ್ನು ಸೇರಿತು. ಮರಿಗಳು ದಡದ ಹತ್ತಿರ ಬಂದು ಮುಳುಗಿದುವು. ತಾಯಿಯು ದಿಬ್ಬದಮೇಲೆ ಮಲಗಿ ಕಾದಿತು. ಅದೇ ಮರಳುದಿಬ್ಬ, ಎದುರಿಗೆ ಕಾಣುವ ಉತ್ತರ, ದಕ್ಷಿಣ ಮಾನಿಟೂ ದ್ವೀಪಗಳೇ ಮರಿಗಳು. ಕಥೆಯನ್ನು ಕೇಳಿದ ಮೊಮ್ಮಗನು, “ಅಮ್ಮ ಕರಡಿ ಇನ್ನೂ ಕಾಯ್ತಿದೆಯಾ, ತಾತ?” ಎಂದನು. ಹೌದೆಂದೆವು. ಸೊಸೆಯು ಅವನನ್ನು ಎತ್ತಿಕೊಂಡಳು.

ಆ ರಾತ್ರಿ ಚಳಿಯು ಬಲವಾಗಿತ್ತು. ಕಾವಿನ ಯಂತ್ರವು ಆಗಾಗ ಹೊತ್ತಿಕೊಳ್ಳುತ್ತಿತ್ತು. ಕೆಳಗಣ ಹಾಸಿಗೆಯ ಬಳಿ ಪತ್ತೆಯಂತ್ರದ ಹಸುರು ದೀಪವು ಉರಿಯುತ್ತಿತ್ತು. ಮಗುವು ಸುಖವಾಗಿ ನಿದ್ರಿಸಿತು. ದೂರದೇಶದ ಮಕ್ಕಳನ್ನು ನೋಡಲು ಹೋಗುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಇಂತಹ ಮನೆಯಲ್ಲಿ ಪ್ರವಾಸ ಹೊರಡುವ ಮುನ್ನ ಟೈರಿನ ವಯಸ್ಸು, ಸಾಬೂನಿನ ನೀರಿನ ಪರೀಕ್ಷೆ, ಪತ್ತೆಯಂತ್ರಗಳ ಅವಧಿ, ಈ ಮೂರನ್ನೂ ವಿಚಾರಿಸಿರಿ. ಮಕ್ಕಳು ಸ್ವಲ್ಪ ಬೇಸರಪಟ್ಟರೂ ಚಿಂತೆಯಿಲ್ಲ, ಕೇಳಿಯೇ ಹತ್ತಿರಿ.