ಸಿಟ್ಟಿಗೇಳುವುದು

ಇಂಗ್ಲಿಷಿನಲ್ಲಿ ಸಿಟ್ಟು ಬರಿಸುವ ಕ್ರಿಯಾಪದಗಳನ್ನೆಲ್ಲ ಒಂದೆಡೆ ಒಟ್ಟಿದರೆ ಪಕ್ಕದಲ್ಲೊಂದು ಕೊಡ ನೀರು ಇಟ್ಟುಕೊಳ್ಳುವುದು ಮೇಲು. ಇನ್‌ಫ್ಲೇಮ್ ಎಂಬುದರ ಹೊಟ್ಟೆಯಲ್ಲಿ ಜ್ವಾಲೆಯಿದೆ. ಇನ್ಸೆನ್ಸ್ ಬಂದದ್ದು ಹೊತ್ತಿಸುವುದು ಎಂಬರ್ಥದ ಲ್ಯಾಟಿನ್ ಮೂಲದಿಂದ. ದೇವರ ಮುಂದಿನ ಊದುಬತ್ತಿಗೂ ನೆರೆಯವನ ಸಿಟ್ಟಿಗೂ ಅಲ್ಲಿ ಒಂದೇ ಬೇರು. ಈ ವಿಷಯದಲ್ಲಿ ಕನ್ನಡವೂ ಹಿಂದೆ ಬಿದ್ದಿಲ್ಲ. ನಾವು ಕಿಡಿ ಕಾರುತ್ತೇವೆ, ಕೆಂಡಾಮಂಡಲವಾಗುತ್ತೇವೆ, ಉರಿದು ಬೀಳುತ್ತೇವೆ. ನವಲಗುಂದ ತಾಲ್ಲೂಕಿನ ಮೊರಬದ ಕಟ್ಟೆಯ ಮೇಲೆ ಎರಡು ಮನೆಗಳ ಜಗಳದ ಮಾತು ಬಂದರೆ ‘ನಡುವ ಯಾರೋ ಬೆಂಕಿ ಹಚ್ಯಾರ’ ಎಂಬ ತೀರ್ಪು ಹೊರಬೀಳಲು ತಡವಿಲ್ಲ. ಆದರೆ ಹೀಗೆ ಹೇಳಿದಾಗ ಸಿಟ್ಟಾದವನ ಗತಿ ಏನಾಯಿತು? ಹಚ್ಚಿದವನೊಬ್ಬ ಕರ್ತೃವಾದ, ಸಿಟ್ಟಾದವನು ಹೊಲದ ಬದುವಿಗೆ ಒಟ್ಟಿದ ಒಣ ಹತ್ತಿಕಟ್ಟಿಗೆಯಾದ. ಕಟ್ಟಿಗೆಗೆ ಕಾರಣ ಕೇಳುವವರುಂಟೇ? ಬೆಂಕಿಯ ಮಾತಿನ ಮೇಲೆ ನನ್ನ ತಕರಾರು ಇದೇ: ಅದು ಸಿಟ್ಟಾದವನ ಬುದ್ಧಿಯನ್ನು ಕಸಿದುಕೊಳ್ಳುತ್ತದೆ.

ಆಳುವವರಿಗೆ ಈ ಮಾತು ಯಾಕೆ ಅಷ್ಟು ಪ್ರಿಯ ಎಂಬುದಕ್ಕೆ ಸಾಕ್ಷಿ ಬೇಕೆಂದರೆ ಮೊರಬದವರು ತಮ್ಮ ತಾಲ್ಲೂಕಿನ ಗಡಿ ದಾಟಬೇಕಿಲ್ಲ. 1980ರ ಜುಲೈ 21ರಂದು ನವಲಗುಂದದಲ್ಲೂ ನರಗುಂದದಲ್ಲೂ ರೈತರ ಮೇಲೆ ಗುಂಡು ಹಾರಿತು. ಆಗ ಗುಂಡೂರಾಯರ ಸರ್ಕಾರ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿಯಾಗಿತ್ತು. ಕಾಲುವೆಯಿಂದ ಜಮೀನು ಸುಧಾರಿಸಿತೆಂದು ರೈತರ ಮೇಲೆ ಅಭಿವೃದ್ಧಿ ಕರ ಬಿದ್ದಿತ್ತು, ನೀರಿನ ಕರದ ಬಾಕಿಯೂ ಬೆಳೆದಿತ್ತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಇಂಥ ದಿನ ‘ರೈತರನ್ನು ಯಾರೋ ಕೆರಳಿಸಿದರು’ ಎಂದುಬಿಟ್ಟರೆ ಕೆಲಸ ಹಗುರ: ಕೆರಳಿಸಿದವನನ್ನು ಹುಡುಕಿದರಾಯಿತು, ಕರದ ಲೆಕ್ಕ ತೆಗೆಯಬೇಕಿಲ್ಲ. ಆದರೆ ಆ ಸಿಟ್ಟಿನಲ್ಲಿ ಇದ್ದದ್ದೇ ಲೆಕ್ಕ. ಹೊಲಕ್ಕೆ ಬಂದ ನೀರೆಷ್ಟು, ಬೆಳೆಗೆ ಸಿಕ್ಕ ಬೆಲೆಯೆಷ್ಟು, ತಲಾಠಿಗೆ ಕಟ್ಟಬೇಕಾದ ಹಣವೆಷ್ಟು ಎಂದು ಕೂಡಿಸಿ ಕಳೆದ ಮೇಲೆ ಬಂದ ಸಿಟ್ಟು ಅದು. ಜನ ಅದಕ್ಕಿಟ್ಟ ಹೆಸರು ಬಂಡಾಯ. ಬಂಡು ಹತ್ತುವುದಿಲ್ಲ, ಅದನ್ನು ಯಾರೂ ಹಚ್ಚುವುದೂ ಇಲ್ಲ. ಬಂಡು ಏಳುತ್ತದೆ, ಎದ್ದವರು ಮನುಷ್ಯರು. ಜುಲೈ 21 ಇಂದಿಗೂ ರೈತ ಹುತಾತ್ಮರ ದಿನವಾಗಿ ಉಳಿದಿರುವುದು ಆ ಎದ್ದವರ ನೆನಪಿಗೆ.

ನಮ್ಮಲ್ಲಿ ‘ಸಿಟ್ಟಿಗೆದ್ದಾನ’ ಎನ್ನುವುದೂ ಇದೆ. ‘ಅವಗ ಸಿಟ್ಟು ಬಂತು’ ಎಂದಾಗ ಸಿಟ್ಟು ಬೀಗರ ಹಾಗೆ ಹೇಳದೆ ಕೇಳದೆ ಬಂದಿತೆಂದಾಗುತ್ತದೆ. ಸಿಟ್ಟಿಗೆದ್ದವನು ಮಾತ್ರ ತಾನೇ ಎದ್ದವನು. ಹಾಗಾದರೆ ಎದ್ದವನು ಮಾಡಿದ್ದೆಲ್ಲ ಸರಿಯೇ ಎಂದು ಯಾರಾದರೂ ಕೇಳಬಹುದು. 1980ರ ಅದೇ ದಿನ ನರಗುಂದದಲ್ಲಿ ಪೊಲೀಸರೂ ಜನರ ಕೈಯಲ್ಲಿ ಸತ್ತರು. ಅದನ್ನು ಮುಚ್ಚಿಟ್ಟು ಬಂಡಾಯದ ಕಥೆ ಹೇಳಬಾರದು. ನನ್ನ ವಾದ ಈ ಪ್ರಶ್ನೆಯಿಂದ ಗಟ್ಟಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಸಿಟ್ಟಾದವನು ಬರೀ ಕಟ್ಟಿಗೆಯಾಗಿದ್ದರೆ ಅವನ ಮೇಲೆ ಹೊಣೆಯೂ ಇರುವುದಿಲ್ಲ. ‘ಸಿಟ್ಟಿನಾಗ ಆಗಿಹೋತು’ ಎಂಬ ನೆಪ ಬೆಂಕಿಯ ಮಾತಿನದೇ ಮರಿ. ಅವನ ಸಿಟ್ಟಿಗೆ ಕಾರಣವಿತ್ತೆಂದು ಒಪ್ಪುವವರು, ಕೈ ಎತ್ತುವ ಮುಂಚೆ ಅವನು ಯೋಚಿಸಬಹುದಿತ್ತು ಎಂಬುದನ್ನೂ ಒಪ್ಪಬೇಕಾಗುತ್ತದೆ. ಮರ್ಯಾದೆ ಕೊಟ್ಟು ಹೊಣೆಯನ್ನು ಮಾಫಿ ಮಾಡುವ ವ್ಯವಹಾರ ನಡೆಯದು.

ಕಾನೂನು ಈ ಮಾತನ್ನು ಹಿಂದೆಯೇ ತಿಳಿದುಕೊಂಡಿದೆ. ತಟ್ಟನೆ ಎದುರಾದ ತೀವ್ರ ಪ್ರಚೋದನೆಯಲ್ಲಿ ಹಿಡಿತ ತಪ್ಪಿ ಕೊಂದವನ ಅಪರಾಧವನ್ನು ಅದು ಹಗುರಗೊಳಿಸುತ್ತದೆ, ಅಳಿಸಿಹಾಕುವುದಿಲ್ಲ. ಹೆಂಡತಿಯ ಪ್ರಿಯಕರನನ್ನು ಕೊಂದ ನೌಕಾಧಿಕಾರಿ ನಾನಾವತಿಯ ಪ್ರಕರಣದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟು ಆ ರಿಯಾಯಿತಿಯನ್ನೂ ಕೊಡಲಿಲ್ಲ. ಹೆಂಡತಿಯ ಬಾಯಿಂದ ವಿಷಯ ತಿಳಿದ ಮೇಲೆ ರಿವಾಲ್ವರ್ ತಂದು ಗುಂಡು ಹಾರಿಸುವವರೆಗೆ ಆತನಿಗೆ ತಣ್ಣಗಾಗಲು ಹೊತ್ತಿತ್ತು ಎಂದಿತು. ಇನ್ನು, ಬೆಂಕಿ ಹಚ್ಚುವವರು ನಿಜಕ್ಕೂ ಇಲ್ಲವೇ ಎಂದರೆ, ಇದ್ದೇ ಇದ್ದಾರೆ. ಈಗಂತೂ ಅವರ ಕಡ್ಡಿಪೆಟ್ಟಿಗೆ ಮೊಬೈಲಿನಲ್ಲಿದೆ. ಅವರ ಲೆಕ್ಕವೂ ಬೇರೆಯೇ. ದೊಂಬಿಯಾಗಲೆಂದು ಕೆಣಕಿದವನಿಗೆ ದೊಂಬಿ ನಡೆದರೆ ಒಂದು ವರ್ಷದವರೆಗೆ ಸಜೆ, ನಡೆಯದಿದ್ದರೂ ಆರು ತಿಂಗಳವರೆಗೆ ಸಜೆ ಎಂದು ಭಾರತೀಯ ದಂಡ ಸಂಹಿತೆಯ 153ನೆಯ ಕಲಮು ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಯಾರೂ ಸಿಟ್ಟಿಗೇಳದೆ ಸುಮ್ಮನೆ ಮನೆಗೆ ಹೋದರೂ ಕೆಣಕಿದವನ ತಪ್ಪು ತಪ್ಪೇ. ಅಂದರೆ ಕೆಣಕಿದವನ ಮತ್ತು ಎದ್ದವನ ನಡುವೆ ಒಂದು ತೆರಪಿದೆ, ಆ ತೆರಪಿನಲ್ಲಿ ಮನುಷ್ಯನ ನಿರ್ಧಾರವಿದೆ. ಒಣ ಕಟ್ಟಿಗೆಗೆ ಕಿಡಿ ಬಿದ್ದಾಗ ಅಂಥ ತೆರಪಿಲ್ಲ.

ಇಷ್ಟಕ್ಕೂ ಇದು ಬರೀ ರೂಪಕ, ರೂಪಕದ ಮೇಲೆ ಯಾರಾದರೂ ಕೇಸು ಹಾಕುತ್ತಾರೆಯೇ ಎಂದು ನಗಬಹುದು. ಸಿಟ್ಟು ಬಂದಾಗ ಮೈ ಕಾಯುವುದು ನಿಜ, ಮುಖ ಕೆಂಪಾಗುವುದು ನಿಜ. ಬೆಂಕಿಯ ಮಾತು ದೇಹದ ಅನುಭವದಿಂದಲೇ ಬಂದಿರಬೇಕು. ಮೈಯ ಮಟ್ಟಿಗೆ ಆ ಮಾತು ಇರಲಿ. ಊರು, ತಾಲ್ಲೂಕು, ಚರಿತ್ರೆಯ ಮಾತು ಬಂದಾಗ ಅದು ಸಾಲದು. ಹೋಳಿ ಹುಣ್ಣಿಮೆಗೆ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರುವ ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಮನ ಕಥೆಯಲ್ಲಿ ಬಾಣ ಬಿಟ್ಟು ಕೆಣಕಿದವನು ಕಾಮ, ಸಿಟ್ಟಿಗೆದ್ದವನು ಶಿವ, ಸುಟ್ಟುಹೋದವನು ಕೆಣಕಿದವನೇ. ಶಿವನ ಸಿಟ್ಟು ಶಿವನದೇ. ರತಿ ಬಂದು ಗೋಳಾಡಿ ಕೇಳಿದ್ದೂ ಅವನನ್ನೇ. ಸಿಟ್ಟಾದ ರೈತನ ಮುಂದೆಯೂ ಹಾಗೆಯೇ ನಿಂತು ‘ಯಾಕಪ್ಪಾ ಸಿಟ್ಟಿಗೆದ್ದಿ?’ ಎಂದು ಮೊದಲು ಅವನನ್ನೇ ಕೇಳಬೇಕು. ಕಡ್ಡಿ ಗೀರಿದವರು ಯಾರೆಂಬ ತನಿಖೆ ಆಮೇಲೆ ನಡೆಯಲಿ.